ಒಂದು ರಾತ್ರಿ ಕೊಟ್ಟರೆ ಕೆಲಸ ಮಾಡುವ ಬಾಟಲಿ: ಸಾಕುಪ್ರಾಣಿಗಳ ಮೂತ್ರದ ವಾಸನೆ ತೆಗೆಯುವ ಕಿಣ್ವ ದ್ರಾವಣದ ವಿಮರ್ಶೆ

ಬಾಗಿಲು ತೆರೆದು ಒಳಗೆ ಕರೆಯುವಷ್ಟರಲ್ಲೇ ಚಿಕ್ಕಮ್ಮನ ಮಗಳು, ‘ಅಕ್ಕಾ, ಮನೆಯಲ್ಲಿ ಬೆಕ್ಕು ಸಾಕಿದ್ದೀಯಾ?’ ಎಂದು ಕೇಳಿದಳು. ಬೆಕ್ಕು ಆ ಹೊತ್ತಿಗೆ ಒಳಕೋಣೆಯ ಕಪಾಟಿನ ಮೇಲೆ ನಿದ್ದೆ ಹೋಗಿತ್ತು. ಅದರ ತಟ್ಟೆಯಾಗಲಿ ಹಾಸಿಗೆಯಾಗಲಿ ಅವಳ ಕಣ್ಣಿಗೆ ಬೀಳುವಂತಿರಲಿಲ್ಲ. ಅವಳಿಗೆ ಸುದ್ದಿ ಮುಟ್ಟಿಸಿದ್ದು ಮೂಗು. ದಿನವಿಡೀ ಒಂದೇ ಗಾಳಿಯಲ್ಲಿ ಇರುವವರ ಮೂಗು ಬಹುಬೇಗ ಅಲ್ಲಿಯ ವಾಸನೆಗೆ ಒಗ್ಗಿಕೊಂಡು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಅದು ನನ್ನ ಮನೆಗೂ ಅನ್ವಯಿಸುತ್ತದೆ ಎಂದು ಒಪ್ಪಿಕೊಳ್ಳಲು ಆ ಒಂದು ಪ್ರಶ್ನೆ ಬೇಕಾಯಿತು. ಅವಳು ಹೊರಟ ಮೇಲೆ ನಾನೂ ಅರ್ಧ ಗಂಟೆ ಹೊರಗೆ ಅಡ್ಡಾಡಿ ಬಂದು, ಬಾಗಿಲ ಬಳಿ ನಿಂತು ದೀರ್ಘವಾಗಿ ಉಸಿರೆಳೆದುಕೊಂಡೆ. ಅವಳು ಬಹಳ ಸಭ್ಯವಾಗಿಯೇ ಕೇಳಿದ್ದಳು ಎಂದು ಹೇಳಬೇಕು.

ಆ ದಿನದಿಂದ ನಾಲ್ಕು ತಿಂಗಳ ಕಾಲ ನಾನು ಬಳಸಿದ ದ್ರಾವಣವೊಂದರ ವಿಮರ್ಶೆ ಇದು. ಒಂದು ಲೀಟರಿನ ಸ್ಪ್ರೇ ಬಾಟಲಿಯಲ್ಲಿ ಬರುವ ಈ ದ್ರಾವಣದಲ್ಲಿ ಮೂತ್ರದ ಅಂಶಗಳನ್ನು ಒಡೆಯುವ ಕಿಣ್ವಗಳೂ, ಆ ಕಿಣ್ವಗಳನ್ನು ತಾವೇ ಉತ್ಪಾದಿಸಿಕೊಳ್ಳುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳ ಬೀಜಕಣಗಳೂ ಇರುತ್ತವೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇದೇ ಬಗೆಯ ಬಾಟಲಿಗಳ ತತ್ವವೆಲ್ಲ ಹೆಚ್ಚುಕಡಿಮೆ ಒಂದೇ, ಮತ್ತು ಫಲಿತಾಂಶ ಬಾಟಲಿಗಿಂತ ಹೆಚ್ಚಾಗಿ ಬಳಸುವವರ ಕೈಯಲ್ಲಿದೆ ಎಂಬುದು ನನ್ನ ಅನುಭವ. ಮನೆಯಲ್ಲಿ ಇರುವುದು ಹದಿಮೂರು ವರ್ಷದ ಒಂದು ಹೆಣ್ಣುನಾಯಿ ಮತ್ತು ಎಲ್ಲಿಂದಲೋ ಬಂದು ನೆಲೆಸಿದ ಒಂದು ಗಂಡು ಬೆಕ್ಕು. ನಾಯಿಗೆ ವಯಸ್ಸಾಗಿ ಮೂತ್ರದ ಮೇಲೆ ಹಿಡಿತ ತಪ್ಪಿತ್ತು. ಬೆಕ್ಕಿಗೆ ಹಿಡಿತ ಚೆನ್ನಾಗಿಯೇ ಇತ್ತು, ಅದು ಸೋಫಾದ ಬೆನ್ನಿಗೆ ಬಾಲವೆತ್ತಿ ಸಿಂಪಡಿಸುತ್ತಿದ್ದದ್ದು ಉದ್ದೇಶಪೂರ್ವಕವಾಗಿಯೇ.

ಈ ವಾಸನೆ ಏಕೆ ಇಷ್ಟು ಹಟಮಾರಿ ಎಂಬುದನ್ನು ತಿಳಿಯದೆ ದ್ರಾವಣದ ಬೆಲೆ ಕಟ್ಟಲಾಗದು. ಹೊಸದಾಗಿ ಬಿದ್ದ ಮೂತ್ರಕ್ಕೆ ಅಂಥ ಘಾಟು ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಂತೆ ಅಮೋನಿಯಾ ಹುಟ್ಟುತ್ತದೆ, ಮೂಗಿಗೆ ಚುಚ್ಚುವ ಘಾಟು ಅದರದ್ದು. ಬೆಕ್ಕಿನ ಮೂತ್ರದಲ್ಲಿ ಇದರ ಜೊತೆಗೆ ಫೆಲಿನೀನ್ ಎಂಬ ಅಮೈನೋ ಆಮ್ಲವೂ ಇರುತ್ತದೆ. ಸಂತಾನಹರಣ ಮಾಡಿಸದ ಗಂಡು ಬೆಕ್ಕಿನಲ್ಲಿ ಅದರ ಪ್ರಮಾಣ ಅತಿ ಹೆಚ್ಚು. ಫೆಲಿನೀನ್ ನಿಧಾನವಾಗಿ ಒಡೆದು ಗಂಧಕವಿರುವ ಥಯಾಲ್‌ಗಳನ್ನು ಬಿಡುಗಡೆ ಮಾಡುತ್ತದೆ. ಅಡುಗೆ ಅನಿಲ ಸೋರಿದರೆ ತಿಳಿಯಲಿ ಎಂದು ಸಿಲಿಂಡರಿನಲ್ಲಿ ಬೆರೆಸುವ ವಾಸನೆಯ ವಸ್ತುವೂ ಇದೇ ಕುಟುಂಬಕ್ಕೆ ಸೇರಿದ್ದು ಎಂದರೆ, ಎಷ್ಟು ಕಡಿಮೆ ಪ್ರಮಾಣದಲ್ಲಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ ಎಂಬುದು ಅರ್ಥವಾದೀತು. ಒಣಗಿದ ಮೂತ್ರದ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಬಿಸಿಲಿನ ದಿನ ಸುಮ್ಮನಿದ್ದ ಮೂಲೆ ಮಳೆ ಹಿಡಿದ ದಿನ ಮತ್ತೆ ನಾರತೊಡಗುತ್ತದೆ. ಬಾಟಲಿಯ ಹಿಂದೆ ದಪ್ಪ ಅಕ್ಷರದಲ್ಲಿ ‘ಯೂರಿಕ್ ಆಮ್ಲದ ಹರಳುಗಳನ್ನು ಕರಗಿಸುತ್ತದೆ’ ಎಂದು ಅಚ್ಚಾಗಿದೆ. ಇದನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು, ಏಕೆಂದರೆ ನಾಯಿ ಬೆಕ್ಕುಗಳ ದೇಹದಲ್ಲಿ ಯೂರಿಕ್ ಆಮ್ಲದ ಬಹುಪಾಲು ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟಾಯಿನ್ ಎಂಬ ವಸ್ತುವಾಗಿ ಮಾರ್ಪಟ್ಟು ಹೊರಬೀಳುತ್ತದೆ. ಆ ಮಾರ್ಪಾಡು ಮಾಡುವ ಕಿಣ್ವ ಇಲ್ಲದಿರುವುದು ಮನುಷ್ಯರಿಗೆ, ಮತ್ತು ನಾಯಿಗಳ ಪೈಕಿ ಯೂರಿಕ್ ಆಮ್ಲವನ್ನು ಹೆಚ್ಚಾಗಿ ಹೊರಹಾಕುವುದು ಡಾಲ್ಮೇಶಿಯನ್ ತಳಿ. ದ್ರಾವಣ ಕೆಲಸ ಮಾಡುವುದು ನಿಜ, ಅದಕ್ಕೆ ಲೇಬಲ್ಲು ಕೊಡುವ ಕಾರಣ ಮಾತ್ರ ಅರೆಬರೆ.

ಈ ಬಾಟಲಿಗೆ ಬರುವ ಮೊದಲು ಮಾಡಿದ ಪ್ರಯೋಗಗಳನ್ನೂ ಹೇಳಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಮುಂದೆ ದ್ರಾವಣದ ಕೆಲಸಕ್ಕೂ ಅಡ್ಡಬಂದವು. ಮೊದಲಿಗೆ ರೂಮ್ ಫ್ರೆಶ್ನರ್ ಹೊಡೆದೆ. ಮೇಲೆ ಥಳುಕು ಒಳಗೆ ಹುಳುಕು ಎಂಬಂತೆ ಮಲ್ಲಿಗೆಯ ಪರಿಮಳದಡಿ ಬೆಕ್ಕಿನ ನಾತ ಹಾಗೆಯೇ ಉಳಿದು, ಎರಡೂ ಸೇರಿದ ಮೂರನೆಯದೊಂದು ವಾಸನೆ ಹುಟ್ಟಿಕೊಂಡಿತು. ಆಮೇಲೆ ಅಡುಗೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದೆ. ನೊರೆ ಉಕ್ಕುವುದನ್ನು ನೋಡಿದರೆ ಏನೋ ಮಹತ್ಕಾರ್ಯ ನಡೆಯುತ್ತಿದೆ ಎನಿಸುತ್ತದೆ, ಆದರೆ ಅಲ್ಲಿ ನಡೆಯುವುದು ಆಮ್ಲವೂ ಕ್ಷಾರವೂ ಒಂದನ್ನೊಂದು ಮುಗಿಸಿಕೊಂಡು ಬಹುತೇಕ ಉಪ್ಪುನೀರಾಗುವುದಷ್ಟೇ. ವಿನೆಗರನ್ನು ಒಂದೇ ಬಳಸಿದರೆ ಅದರ ಅಸೆಟಿಕ್ ಆಮ್ಲ ಅಮೋನಿಯಾವನ್ನು ಮಣಿಸುತ್ತದೆ, ಆದರೆ ಗಂಧಕದ ಅಂಶಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಅಮೃತಶಿಲೆಯ ನೆಲವಿದ್ದರೆ ಹೊಳಪನ್ನೂ ತಿಂದುಹಾಕುತ್ತದೆ. ಬ್ಲೀಚ್ ಮಾತ್ರ ಯಾರೂ ಹಾಕಕೂಡದು. ಅಮೋನಿಯಾ ಇರುವ ಜಾಗಕ್ಕೆ ಬ್ಲೀಚ್ ಬಿದ್ದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ಅಪಾಯ. ಫೀನಾಲ್ ಇರುವ ಫಿನೈಲಿನಂಥ ದ್ರಾವಣಗಳೂ ಬೆಕ್ಕಿರುವ ಮನೆಗೆ ಹೇಳಿಮಾಡಿಸಿದ್ದಲ್ಲ, ಆ ವಸ್ತುವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ.

ಕೊನೆಗೆ ಮನೆಗೇ ಬಂದು ಸೋಫಾ ಸ್ವಚ್ಛ ಮಾಡಿಕೊಡುವ ಒಂದು ಸಂಸ್ಥೆಯವರನ್ನು ಕರೆಸಿದೆ. ಅವರು ಬಿಸಿ ಹಬೆಯ ಯಂತ್ರ ತಂದು ಒಂದೂವರೆ ಗಂಟೆ ಶ್ರದ್ಧೆಯಿಂದಲೇ ದುಡಿದರು, ಸೋಫಾ ಹೊಸದರಂತೆ ಕಂಡಿತು. ಮೂರನೆಯ ದಿನ ಮೋಡ ಕವಿದಾಗ ವಾಸನೆ ಮೊದಲಿಗಿಂತ ಜೋರಾಗಿ ಮರಳಿತು. ಮೂತ್ರದಲ್ಲಿನ ಪ್ರೋಟೀನುಗಳು ಬಿಸಿಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತವೆ, ಹಬೆಯ ನೀರು ಕೊಳೆಯನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ಹಣ ಕೊಟ್ಟು ವಾಸನೆಗೆ ಒಲೆ ಹಚ್ಚಿಸಿಕೊಂಡಂತಾಯಿತು. ಸಾಕುಪ್ರಾಣಿಯ ಮೂತ್ರ ಎಂದು ನಾನು ಮೊದಲೇ ಸ್ಪಷ್ಟವಾಗಿ ಹೇಳಿದ್ದರೂ ಹಬೆ ಬೇಡ ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ ಎಂಬ ಬೇಸರ ನನಗೆ ಇನ್ನೂ ಇದೆ.

ಇನ್ನು ಬಾಟಲಿಯ ವಿಷಯ. ಮೊದಲ ಬಳಕೆಯಲ್ಲಿ ಅದು ಪೂರ್ತಿ ವಿಫಲವಾಯಿತು. ನಾನು ಬೇರೆಲ್ಲ ಸ್ಪ್ರೇಗಳಂತೆಯೇ ಅದನ್ನೂ ಸೋಫಾದ ಮೇಲೆ ಎಂಟು ಹತ್ತು ಸಲ ಹೊಡೆದು, ಐದು ನಿಮಿಷ ಕಾದು, ಬಟ್ಟೆಯಿಂದ ಒರೆಸಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇದಕ್ಕೆ ಒಂದು ನಕ್ಷತ್ರ ಕೊಟ್ಟು ಮುಗಿಸೋಣ ಎಂದುಕೊಂಡವಳು, ಕನ್ನಡಕ ಹಾಕಿಕೊಂಡು ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ತಪ್ಪು ಯಾರದ್ದೆಂದು ತಿಳಿಯಿತು. ಕಿಣ್ವ ಎಂಬುದು ಸಾಬೂನಿನಂತೆ ಕೊಳೆಯನ್ನು ಎತ್ತಿ ತೊಳೆಯುವ ವಸ್ತುವಲ್ಲ. ಅದು ಕೊಳೆಯ ಅಣುಗಳನ್ನು ಒಂದೊಂದಾಗಿ ಕತ್ತರಿಸುವ ಕೆಲಸಗಾರ, ಮತ್ತು ತೇವ ಇರುವವರೆಗೆ ಮಾತ್ರ ಅದರ ಕೈ ಆಡುತ್ತದೆ. ಬೀಜಕಣಗಳಲ್ಲಿರುವ ಬ್ಯಾಕ್ಟೀರಿಯಾಗಳು ಎಚ್ಚೆತ್ತು ಕೆಲಸಕ್ಕೆ ತೊಡಗಲು ಗಂಟೆಗಳೇ ಬೇಕು. ಬಿಸಿನೀರು ಕಿಣ್ವವನ್ನು ಕೆಡಿಸುತ್ತದೆ, ಸೋಂಕುನಿವಾರಕ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ನನ್ನ ಸೋಫಾದಲ್ಲಿ ಹಳೆಯ ವಿನೆಗರ್, ಸೋಡಾ, ಸಾಬೂನು ಎಲ್ಲದರ ಶೇಷವೂ ಇತ್ತು; ಅಲ್ಲಿಗೆ ಈ ದ್ರಾವಣವನ್ನು ಹಾಕಿ ಐದು ನಿಮಿಷದಲ್ಲಿ ಒರೆಸಿ ತೆಗೆದದ್ದು, ಕೆಲಸಗಾರನನ್ನು ಬಾಗಿಲಲ್ಲೇ ಮಾತನಾಡಿಸಿ ಕಳುಹಿಸಿದಂತೆ. ಆದರೂ ಬಾಟಲಿಯ ಮುಂಭಾಗದಲ್ಲಿ ‘ತಕ್ಷಣ’ ಎಂಬ ಪದವನ್ನು ಅಷ್ಟು ದೊಡ್ಡದಾಗಿ ಅಚ್ಚು ಹಾಕಿ, ಇಡೀ ರಾತ್ರಿ ಬಿಡಬೇಕು ಎಂಬುದನ್ನು ಹಿಂಭಾಗದಲ್ಲಿ ಇರುವೆಯ ಸಾಲಿನಂತೆ ಬರೆದಿರುವುದಕ್ಕೆ ಒಂದಂಕ ಕಳೆಯುತ್ತೇನೆ.

ಎರಡನೆಯ ಬಾರಿ ಮೊದಲು ಮಾಡಿದ ಕೆಲಸ ಜಾಗ ಹುಡುಕುವುದು. ಇದಕ್ಕೆ ಅತಿನೇರಳೆ ಬೆಳಕಿನ ಟಾರ್ಚ್ ಬೇಕು. 395 ನ್ಯಾನೊಮೀಟರಿನ ಟಾರ್ಚು ಹೆಚ್ಚು ನೇರಳೆ ಬೆಳಕನ್ನೇ ಚೆಲ್ಲಿ ಕಣ್ಣನ್ನು ಗೊಂದಲಗೊಳಿಸುತ್ತದೆ. 365 ನ್ಯಾನೊಮೀಟರಿನದ್ದು ಮೇಲು. ರಾತ್ರಿ ದೀಪಗಳನ್ನೆಲ್ಲ ಆರಿಸಿ, ಪರದೆ ಎಳೆದು, ನೆಲದಿಂದ ಒಂದಡಿ ಎತ್ತರದಲ್ಲಿ ಟಾರ್ಚ್ ಹಿಡಿದು ಮಂಡಿಯೂರಿ ಹೋದರೆ ಒಣಗಿದ ಮೂತ್ರ ಮಂಕು ಹಳದಿ-ಹಸಿರಾಗಿ ಮಿನುಗುತ್ತದೆ. ಒಂದೋ ಎರಡೋ ಕಲೆ ಇರಬಹುದೆಂದು ಹೊರಟವಳಿಗೆ ಹನ್ನೊಂದು ಸಿಕ್ಕವು. ಸೋಫಾದ ಬೆನ್ನಿನಲ್ಲಿ ಮೇಲಿನಿಂದ ಕೆಳಕ್ಕೆ ಹರಿದ ಗೆರೆಗಳಿದ್ದವು, ಗೋಡೆಯ ಬುಡದ ಪಟ್ಟಿಯ ಮೇಲೆ ಹನಿಗಳು ಚೆಲ್ಲಿದ್ದವು, ಕಾರ್ಪೆಟ್ಟಿನ ಒಂದು ಮೂಲೆಯಂತೂ ನಕಾಶೆಯಂತಿತ್ತು. ಹೊಳೆಯುವುದೆಲ್ಲ ಮೂತ್ರವಲ್ಲ ಎಂಬುದನ್ನೂ ನೆನಪಿಡಬೇಕು. ಬಟ್ಟೆ ತೊಳೆಯುವ ಪುಡಿಯಲ್ಲಿನ ಬಿಳುಪುಕಾರಕವೂ ನೀಲಿ-ಬಿಳಿಯಾಗಿ ಹೊಳೆಯುತ್ತದೆ. ಅನುಮಾನ ಬಂದಲ್ಲಿ ಮೂಗನ್ನೇ ಹತ್ತಿರ ತರಬೇಕು, ಬೇರೆ ದಾರಿ ಇಲ್ಲ. ಸಿಕ್ಕ ಪ್ರತಿ ಕಲೆಯ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿಟ್ಟರೆ ಬೆಳಿಗ್ಗೆ ಹುಡುಕಾಡುವುದು ತಪ್ಪುತ್ತದೆ.

ಸೋಫಾದ ದಿಂಬಿನೊಂದಿಗೆ ನಡೆದದ್ದನ್ನು ವಿವರವಾಗಿ ಹೇಳುತ್ತೇನೆ. ಹೊರಕವಚದ ಜಿಪ್ ತೆಗೆದು ನೋಡಿದಾಗ, ಬಟ್ಟೆಯ ಮೇಲೆ ಅಂಗೈಯಗಲ ಇದ್ದ ಕಲೆ ಒಳಗಿನ ಫೋಮಿನಲ್ಲಿ ತಟ್ಟೆಯಗಲ ಹರಡಿ ಕಂದು ಬಣ್ಣಕ್ಕೆ ತಿರುಗಿತ್ತು. ದ್ರವ ಕೆಳಗಿಳಿದಂತೆ ಅಗಲವಾಗುತ್ತದೆ. ಮೇಲಷ್ಟೇ ಸಿಂಪಡಿಸಿದ್ದು ಆ ಕೆಳಗಿನ ಪಾಲಿಗೆ ಮುಟ್ಟಿಯೇ ಇರಲಿಲ್ಲ. ಕವಚವನ್ನು ತಣ್ಣೀರಿನಲ್ಲಿ ಪ್ರತ್ಯೇಕವಾಗಿ ನೆನೆಸಿಟ್ಟೆ. ಫೋಮಿನಲ್ಲಿದ್ದ ಹಳೆಯ ಸಾಬೂನು ವಿನೆಗರುಗಳ ಶೇಷ ಹೋಗಲೆಂದು ಎರಡು ಬಾರಿ ತಣ್ಣೀರು ಹಾಕಿ ಒತ್ತಿ ಹಿಂಡಿದೆ. ಬಳಿಕ ಸ್ಪ್ರೇಯ ಮೂತಿ ಬಿಚ್ಚಿ ದ್ರಾವಣವನ್ನು ನೇರವಾಗಿ ಸುರಿದು, ಫೋಮಿನ ಅಡಿಯಲ್ಲಿ ಬೆರಳಿಟ್ಟರೆ ಒದ್ದೆ ತಗಲುವವರೆಗೆ ನೆನೆಸಿದೆ. ಸುಮಾರು ಕಾಲು ಬಾಟಲಿ ಒಂದೇ ದಿಂಬಿಗೆ ಹೋಯಿತು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳಿಗೆ ಭಾರ ಇಟ್ಟು, ಇಡೀ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಆರೇಳು ಗಂಟೆಗಳ ಹೊತ್ತಿಗೆ ಹಾಳೆ ಎತ್ತಿದಾಗ ಮುಖಕ್ಕೆ ರಾಚಿದ ಅಮೋನಿಯಾ ಘಾಟಿಗೆ ಕಣ್ಣಲ್ಲಿ ನೀರು ಬಂತು. ಇಲ್ಲಿಯೇ ಬಹಳ ಮಂದಿ ಹೆದರಿ ಎಲ್ಲವನ್ನೂ ತೊಳೆದುಬಿಡುತ್ತಾರೆ ಎಂದು ನನ್ನ ಊಹೆ. ಒಣಗಿದ್ದ ಯೂರಿಯಾ ಮತ್ತೆ ನೆಂದು ಒಡೆಯುವಾಗ ವಾಸನೆ ಹೆಚ್ಚುವುದು ಸಹಜ; ಅದು ದ್ರಾವಣ ಸೋತಿದೆ ಎಂಬುದಕ್ಕಿಂತ ಕೆಲಸಕ್ಕಿಳಿದಿದೆ ಎಂಬುದರ ಸೂಚನೆ. ಹಾಳೆಯನ್ನು ಮತ್ತೆ ಮುಚ್ಚಿದೆ. ಮರುದಿನ ತೆಗೆದು, ಫ್ಯಾನಿನ ಕೆಳಗೆ ಮೂರು ದಿನ ಒಣಗಿಸಿದ ಮೇಲೆ ದಿಂಬಿಗೆ ಮುಖ ಒತ್ತಿ ಉಸಿರೆಳೆದರೂ ಒದ್ದೆ ಮಣ್ಣಿನಂಥ ಒಂದು ತೆಳು ವಾಸನೆಯ ಹೊರತು ಏನೂ ಸಿಗಲಿಲ್ಲ. ಅದೂ ವಾರದೊಳಗೆ ಹೋಯಿತು. ಕಂದು ಕಲೆ ಮಾತ್ರ ಹಾಗೆಯೇ ಇದೆ, ಟಾರ್ಚ್ ಹಿಡಿದರೆ ಈಗಲೂ ಮಂಕಾಗಿ ಮಿನುಗುತ್ತದೆ. ಕಲೆಯೂ ವಾಸನೆಯೂ ಬೇರೆಬೇರೆ ಎಂದು ಒಪ್ಪಿಕೊಂಡರೆ ಅದರಿಂದ ತೊಂದರೆಯಿಲ್ಲ.

ಕಾರ್ಪೆಟ್ಟಿನಲ್ಲೂ ಇದೇ ಕ್ರಮ ಫಲಿಸಿತು; ಅಲ್ಲಿ ಅಡಿಯ ಮೆತ್ತೆಗೂ ದ್ರಾವಣ ಮುಟ್ಟಬೇಕಾದ್ದರಿಂದ ಮೂಲೆಯನ್ನು ಮಗುಚಿ ಕೆಳಗಿನಿಂದಲೂ ಸುರಿದೆ. ಮರದ ಹೊಸ್ತಿಲೊಂದನ್ನು ಬಿಟ್ಟರೆ, ನಾಯಿಯ ಮೂತ್ರದ ವಾಸನೆಯನ್ನು ದ್ರಾವಣ ಒಂದೇ ಸಲಕ್ಕೆ ತೆಗೆದುಹಾಕಿತು. ಹೊಳಪಿನ ಟೈಲ್ಸಿನ ಮೇಲೆ ಈ ಬಾಟಲಿಯೇ ಬೇಕೆಂದಿಲ್ಲ, ಆಗಿಂದಾಗ ಒರೆಸಿದರೆ ಸಾಕು; ಆದರೆ ಟೈಲ್ಸುಗಳ ನಡುವಿನ ಸಂದಿನ ಗಾರೆ ಸ್ಪಂಜಿನಂತೆ ಹೀರಿಕೊಳ್ಳುವುದರಿಂದ ಅಲ್ಲಿ ಒದ್ದೆ ಬಟ್ಟೆಯ ಪಟ್ಟಿಯನ್ನು ದ್ರಾವಣದಲ್ಲಿ ಅದ್ದಿ ಸಂದಿನುದ್ದಕ್ಕೂ ಹಾಸಿ ರಾತ್ರಿಯಿಡೀ ಬಿಡಬೇಕಾಯಿತು. ಮರದ ವಿಷಯದಲ್ಲಿ ಎಚ್ಚರ ಬೇಕು. ಅಷ್ಟು ಹೊತ್ತು ಒದ್ದೆ ಇದ್ದರೆ ಹಲಗೆ ಉಬ್ಬುತ್ತದೆ, ಪಾಲಿಶ್ ಬಿಳಿಚಿಕೊಳ್ಳುತ್ತದೆ. ಕಾಂಕ್ರೀಟ್ ನೆಲ ಅಥವಾ ಗೋಡೆಯ ಆಳಕ್ಕೆ ಇಳಿದಿದ್ದರೆ ಕಿಣ್ವದಿಂದ ಆಗುವುದು ಅರ್ಧ ಕೆಲಸ. ಉಳಿದದ್ದನ್ನು ಅರಗಿನ ಆಧಾರದ ಪ್ರೈಮರ್ ಬಳಿದು ಒಳಗೇ ಮುಚ್ಚಿಹಾಕಬೇಕು.

ದ್ರಾವಣ ತಡವರಿಸಿದ್ದು ಗಂಡು ಬೆಕ್ಕು ಸಿಂಪಡಿಸಿದ ಜಾಗಗಳಲ್ಲಿ. ಎರಡು ಸಲ ನೆನೆಸಿ ಒಣಗಿಸಿದ ಮೇಲೂ ಸೋಫಾದ ಬೆನ್ನಿನಲ್ಲಿ ಗಂಧಕದ ಕಮಟು ಸ್ವಲ್ಪ ಉಳಿದಿತ್ತು. ಅದಕ್ಕೆ ಉಪಯೋಗಕ್ಕೆ ಬಂದದ್ದು ಬೇರೊಂದು ಮಿಶ್ರಣ: ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಕಾಲು ಕಪ್ ಅಡುಗೆ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ದ್ರವ. ಸ್ಕಂಕ್ ಎಂಬ ಪ್ರಾಣಿಯ ನಾತ ತೆಗೆಯುವುದಕ್ಕೆಂದು ಪಾಲ್ ಕ್ರೆಬಾಮ್ ಎಂಬ ರಸಾಯನಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಪಾಕ ಇದು. ಸ್ಕಂಕಿನ ನಾತವೂ ಥಯಾಲ್‌ಗಳದ್ದೇ. ಕ್ಷಾರದೊಂದಿಗೆ ಸೇರಿದ ಪೆರಾಕ್ಸೈಡ್ ಅವನ್ನು ಉತ್ಕರ್ಷಿಸಿ ವಾಸನೆಯಿಲ್ಲದ ವಸ್ತುಗಳಾಗಿ ಮಾರ್ಪಡಿಸುತ್ತದೆ. ಇದನ್ನು ಆಗಲೇ ಕಲಸಿ ಆಗಲೇ ಬಳಸಬೇಕು, ಉಳಿದದ್ದನ್ನು ಬಾಟಲಿಯಲ್ಲಿ ಬಿರಡೆ ಹಾಕಿ ಇಟ್ಟರೆ ಒಳಗೆ ಹುಟ್ಟುವ ಆಮ್ಲಜನಕಕ್ಕೆ ಬಾಟಲಿ ಸಿಡಿಯಬಹುದು. ಬಣ್ಣದ ಬಟ್ಟೆ ಬಿಳಿಚಿಕೊಳ್ಳುವ ಸಾಧ್ಯತೆ ಇರುವುದರಿಂದ ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಿ ನೋಡಬೇಕು. ವಿನೆಗರಿನೊಂದಿಗೆ ಬೆರೆಸಲೇಬಾರದು. ಕಿಣ್ವದ ದ್ರಾವಣ ಪೂರ್ತಿ ಒಣಗುವ ಮೊದಲು ಇದನ್ನು ಹಾಕಿದರೆ ಅದರ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಹೀಗಾಗಿ, ಗಂಡು ಬೆಕ್ಕು ಗುರುತು ಹಾಕಿದ ಜಾಗಕ್ಕೂ ತಮ್ಮದೊಂದೇ ಸಾಕು ಎಂಬ ತಯಾರಕರ ಭರವಸೆಯನ್ನು ನಾನು ಒಪ್ಪಲಾರೆ.

ಬಾಟಲಿಯ ಬಗ್ಗೆ ಇನ್ನೂ ಎರಡು ತಕರಾರುಗಳಿವೆ. ಇದಕ್ಕೆ ನಿಂಬೆಯ ಪರಿಮಳ ಬೆರೆಸಿದ್ದಾರೆ, ಮೊದಲ ಎರಡು ದಿನ ಅದು ಎಷ್ಟು ಜೋರಾಗಿರುತ್ತದೆ ಎಂದರೆ ನಾತ ಹೋಯಿತೋ ಮರೆಯಾಯಿತೋ ಹೇಳಲಾಗದು. ಪರಿಮಳವಿಲ್ಲದ ಮಾದರಿ ಸಿಕ್ಕರೆ ಅದನ್ನೇ ಕೊಳ್ಳಬೇಕು. ಮೇಲಾಗಿ ತಯಾರಾದ ದಿನಾಂಕವನ್ನು ಬಾಟಲಿಯ ತಳದಲ್ಲಿ ಕಾಣದಂತೆ ಒತ್ತಿದ್ದಾರೆ. ಕಿಣ್ವಗಳು ಕಾಲ ಕಳೆದಂತೆ, ಅದರಲ್ಲೂ ಬಿಸಿಯಲ್ಲಿ ಇಟ್ಟರೆ, ಶಕ್ತಿ ಕಳೆದುಕೊಳ್ಳುತ್ತವೆ. ಕೊಳ್ಳುವವರಿಗೆ ಮೊದಲು ತಿಳಿಯಬೇಕಾದದ್ದೇ ಆ ದಿನಾಂಕ. ಗಾಳಿ ಶುದ್ಧಿಯಂತ್ರವೂ ಜೊತೆಗಿದ್ದರೆ ಒಳಿತೇ ಎಂದು ಕೇಳುವವರಿಗೆ ಒಂದು ಮಾತು: ಹೆಪಾ ಫಿಲ್ಟರು ಹಿಡಿಯುವುದು ಕೂದಲು, ಧೂಳುಗಳನ್ನು, ಅನಿಲವನ್ನಲ್ಲ. ವಾಸನೆ ಹಿಡಿಯಲು ಸಾಕಷ್ಟು ಇದ್ದಿಲು ತುಂಬಿದ ಫಿಲ್ಟರು ಬೇಕು, ಅದೂ ಮೂಲ ಕಲೆ ಹೋದ ಮೇಲೆ. ಓಜೋನ್ ಯಂತ್ರಗಳನ್ನು ಮನುಷ್ಯರೂ ಪ್ರಾಣಿಗಳೂ ಇರುವ ಮನೆಯಲ್ಲಿ ಓಡಿಸಕೂಡದು, ಓಜೋನ್ ಎಲ್ಲರ ಶ್ವಾಸಕೋಶಕ್ಕೂ ಕೆಡುಕು.

ಇಷ್ಟೆಲ್ಲ ನೆನೆಸಿ ಒಣಗಿಸುವ ನಡುವೆ ಪ್ರಾಣಿಗಳನ್ನು ಪಶುವೈದ್ಯರಿಗೆ ತೋರಿಸದಿದ್ದರೆ ಎರಡನೆಯ ಬಾಟಲಿಯೂ ಖಾಲಿಯಾಗುತ್ತಿತ್ತು. ನಾಯಿಗೆ ಮೂತ್ರಕೋಶದ ಸೋಂಕು ಇತ್ತು. ವಯಸ್ಸಿನ ದೋಷ ಎಂದು ನಾವು ತಳ್ಳಿಹಾಕಿದ್ದರಲ್ಲಿ ಅರ್ಧ ಭಾಗ ಔಷಧಿಯಿಂದಲೇ ನಿಂತಿತು. ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಕೆಲವು ವಾರಗಳಲ್ಲಿ ಸಿಂಪಡಿಸುವುದು ನಿಂತುಹೋಯಿತು, ಅದರ ಮೂತ್ರದ ಘಾಟೂ ಇಳಿಯಿತು. ಮಣ್ಣಿನ ಪೆಟ್ಟಿಗೆಯ ಹೊರಗೆ ದಿಢೀರನೆ ಮೂತ್ರ ಮಾಡಲು ತೊಡಗಿದ ಬೆಕ್ಕಿಗೆ ಕಲ್ಲು, ಮಧುಮೇಹ, ಮೂತ್ರಪಿಂಡದ ತೊಂದರೆ ಯಾವುದೂ ಇರಬಹುದು. ಗಂಡು ಬೆಕ್ಕು ಪದೇ ಪದೇ ಕೂತು ತಿಣುಕುತ್ತಿದ್ದು ಹನಿಯೂ ಬಾರದಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು. ಹಳೆಯ ಜಾಗದಲ್ಲಿ ವಾಸನೆ ಉಳಿದರೆ ಪ್ರಾಣಿ ಅಲ್ಲಿಗೇ ಮರಳುತ್ತದೆ, ಹಾಗಾಗಿ ಚಿಕಿತ್ಸೆಯೂ ಶುಚಿಯೂ ಒಂದೇ ವಾರದಲ್ಲಿ ಆದರೆ ಉತ್ತಮ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸದಾಗಿ ಪ್ರಾಣಿ ತಂದವರು ಮೊದಲ ದಿನವೇ ಒಂದು ಬಾಟಲಿ ತಂದಿಟ್ಟುಕೊಂಡರೆ, ಹಸಿ ಇರುವಾಗಲೇ ಬಟ್ಟೆಯಿಂದ ಒತ್ತಿ ಹೀರಿಸಿ ಇದನ್ನು ಸುರಿಯಬಹುದು. ನಾನು ಪಟ್ಟ ಪಾಡಿನ ಹತ್ತರಲ್ಲಿ ಒಂದು ಪಾಲೂ ಅವರಿಗಿರದು. ನನ್ನ ಹನ್ನೊಂದು ಜಾಗಗಳ ಪೈಕಿ ಹತ್ತು ಮಳೆಗಾಲವನ್ನು ದಾಟಿ ಸುಮ್ಮನಿವೆ. ಹನ್ನೊಂದನೆಯದು ಒಳಕೋಣೆಯ ಮರದ ಹೊಸ್ತಿಲು. ನಾಯಿ ಅದರ ಪಕ್ಕದಲ್ಲೇ ಮಲಗುತ್ತಿದ್ದದ್ದು, ಹಲಗೆಯ ಬಿರುಕಿನೊಳಗೆ ಎಷ್ಟು ವರ್ಷದ್ದು ಇಳಿದಿದೆಯೋ ಏನೋ, ದ್ರಾವಣ ಮೂರು ಸಲ ಕುಡಿದರೂ ಮೋಡ ಕವಿದ ಬೆಳಿಗ್ಗೆ ಅದು ತನ್ನ ಸುಳಿವು ಕೊಡುತ್ತದೆ. ಬಡಗಿಗೆ ಹೇಳಿದ್ದೇನೆ, ಬಿಸಿಲು ಬಂದ ಮೇಲೆ ಬಂದು ಕೀಳುವುದಾಗಿ ಮಾತು ಕೊಟ್ಟಿದ್ದಾರೆ.